ಬೂದಿ ಮುಚ್ಚಿದ ಅರ್ಧ ಗಂಟೆ: ಗದ್ದೆಯಲ್ಲೇ ರಿಪೇರಿಯಾದ ಕಟಾವು ಯಂತ್ರಕ್ಕೆ ಬೆಂಕಿ ಬಿದ್ದ ಪ್ರಕರಣ

ಏಪ್ರಿಲ್ ತಿಂಗಳು, ಸಿಂಧನೂರು ಸೀಮೆಯಲ್ಲಿ ಬೇಸಿಗೆ ಭತ್ತದ ಕಟಾವು ಜೋರಾಗಿತ್ತು. ಒಂದು ಕ್ಯಾಂಪಿನ, ಅಂದರೆ ಕಾಲುವೆ ಸೀಮೆಯ ರೈತರ ಸಣ್ಣ ಊರಿನ, ಪಕ್ಕದ ಗದ್ದೆಯಲ್ಲಿ ಓಡುತ್ತಿದ್ದ ಕಟಾವು ಯಂತ್ರದ ಎಡಮಗ್ಗುಲಿನ ಬ್ರಾಕೆಟ್ ಬಿರುಕು ಬಿಟ್ಟಿತು. ವೆಲ್ಡಿಂಗ್ ಹುಡುಗನನ್ನು ಕರೆಸಿದರು. ಇಪ್ಪತ್ತು ನಿಮಿಷದ ಕೆಲಸ, ಚೆನ್ನಾಗಿಯೇ ಆಯಿತು. ದುಡ್ಡು ಕೊಟ್ಟರು, ಎಲ್ಲರೂ ಬೇವಿನ ಮರದ ಕೆಳಗೆ ಊಟಕ್ಕೆ ಕೂತರು. ಕೈ ತೊಳೆಯುವ ಹೊತ್ತಿಗೆ ಗಾಡಿ ಉರಿಯುತ್ತಿತ್ತು.

ಜೀವ ಹೋಗಲಿಲ್ಲ. ಆಪರೇಟರ್‌ನ ಎರಡೂ ಅಂಗೈ ಸುಟ್ಟವು. ಇಂಜಿನ್ನು, ವೈರಿಂಗು, ಹೈಡ್ರಾಲಿಕ್ ಪೈಪುಗಳು, ಎಡಗಡೆಯ ತಗಡು ಹೋದವು. ಎರಡೂವರೆ ಎಕರೆ ಕೂಳೆ ಸುಟ್ಟಿತು. ಹದಿನೇಳು ವರ್ಷದಿಂದ ಟ್ರ್ಯಾಕ್ಟರು, ಕಟಾವು ಯಂತ್ರಗಳ ರಿಪೇರಿ ಮಾಡಿಕೊಂಡು ಬಂದವನು ನಾನು. ಈ ಗಾಡಿ ಹತ್ತು ದಿನ ಮೊದಲು ನನ್ನ ಶೆಡ್ಡಿಗೇ ಬಂದು ಹೋಗಿತ್ತು. ಹಾಗಾಗಿ ಮರುದಿನ ಬೆಳಿಗ್ಗೆ ಮಾಲೀಕರು ಕರೆದಾಗ ಬರೀ ಹಾನಿಯ ಲೆಕ್ಕ ಹಾಕಲಿಕ್ಕೆ ಹೋಗಲಿಲ್ಲ. ಆಪರೇಟರ್, ವೆಲ್ಡಿಂಗ್ ಹುಡುಗ, ಗದ್ದೆಯ ರೈತ, ಮಾಲೀಕ ಎಲ್ಲರನ್ನೂ ಕೂರಿಸಿಕೊಂಡು ಆ ಮಧ್ಯಾಹ್ನವನ್ನು ನಿಮಿಷ ನಿಮಿಷವಾಗಿ ಕೇಳಿದೆ. ಫೋನಿನಲ್ಲಿ ಕರೆಗಳ ಸಮಯ ಇತ್ತು. ಅದರ ಮೇಲೆ ಉಳಿದದ್ದನ್ನು ಜೋಡಿಸಿದೆವು.

ಗಾಡಿ, ಗದ್ದೆ, ಬಿಸಿಲು

ನಮ್ಮಲ್ಲಿ ಭತ್ತ ಕೊಯ್ಯುವ ಯಂತ್ರ ಎರಡು ಬಗೆ. ಕೆಸರಿದ್ದರೆ ಚೈನ್ ಗಾಡಿ, ಒಣಗಿದ್ದರೆ ಟೈರ್ ಗಾಡಿ. ಸುಗ್ಗಿ ಬಂತೆಂದರೆ ಸೇಲಂ ಕಡೆಯಿಂದ, ಪಂಜಾಬಿನಿಂದ ಲಾರಿ ಮೇಲೆ ಗಾಡಿಗಳು ಬಂದಿಳಿಯುತ್ತವೆ. ಇದು ಸ್ಥಳೀಯ ಮಾಲೀಕರದ್ದೇ ಟೈರ್ ಗಾಡಿ, ಆಪರೇಟರ್ ಮಾತ್ರ ಸೇಲಂ ಕಡೆಯವನು. ಗಂಟೆಯ ಬಾಡಿಗೆ. ಸುಗ್ಗಿ ಇರುವುದು ಮೂರು ವಾರ, ಆ ಮೂರು ವಾರದಲ್ಲಿ ವರ್ಷದ ಸಾಲದ ಕಂತು ದುಡಿಯಬೇಕು. ಗಾಡಿ ನಿಂತರೆ ಮಾಲೀಕನಿಗೆ ನಷ್ಟ. ಮೋಡ ಕಂಡರೆ ರೈತನಿಗೆ ಎದೆ ಹೊಡೆದುಕೊಳ್ಳುತ್ತದೆ. ಈ ಒತ್ತಡವನ್ನು ಬಿಟ್ಟು ಈ ಪ್ರಕರಣವನ್ನು ಓದಿದರೆ ತಪ್ಪೆಲ್ಲ ವೆಲ್ಡಿಂಗ್ ಹುಡುಗನದ್ದು ಎನಿಸುತ್ತದೆ. ಹಾಗಲ್ಲ.

ಅಂದು ಬಿಸಿಲು 41 ಡಿಗ್ರಿ. ಕೂಳೆ ಮುಟ್ಟಿದರೆ ಮುರಿಯುವಷ್ಟು ಒಣಗಿತ್ತು. ಪೂರ್ವದ ಕಡೆ ಕೊಯ್ಯದೆ ಉಳಿದ ಭತ್ತ ನಾಲ್ಕು ಎಕರೆ. ಪಶ್ಚಿಮದಿಂದ ಸಣ್ಣ ಗಾಳಿ.

ಬಿರುಕು ಬಿಟ್ಟದ್ದು ಕಾಳನ್ನು ಮೇಲಕ್ಕೆ ಒಯ್ಯುವ ಎಲಿವೇಟರ್ ಚೈನಿನ ಬಿಗಿ ಸರಿಮಾಡುವ ಬ್ರಾಕೆಟ್. ಅದು ಇಂಜಿನ್ ಕೂತಿರುವ ಅಟ್ಟದ ಸ್ವಲ್ಪ ಕೆಳಗೆ, ಗಾಡಿಯ ಎಡಮಗ್ಗುಲಿನ ತಗಡಿಗೆ ಅಂಟಿಕೊಂಡಂತೆ ಇದೆ. ಆ ತಗಡಿನ ಹಿಂದೆ, ಕಣ್ಣಿಗೆ ಬೀಳದಂತೆ, ಒಂದು ಗೇಣು ಅಗಲದ ಪೊಳ್ಳು ಜಾಗ. ಈ ಪ್ರಕರಣವೆಲ್ಲ ನಡೆದದ್ದು ಆ ಒಂದು ಗೇಣು ಜಾಗದಲ್ಲಿ.

ಆ ಮಧ್ಯಾಹ್ನ

11 ಗಂಟೆ 40 ನಿಮಿಷಕ್ಕೆ ಗಾಡಿ ನಿಂತಿತು. ಆಪರೇಟರ್ ಮಾಲೀಕರಿಗೆ ಫೋನ್ ಮಾಡಿದ, ಅವರು ವೆಲ್ಡಿಂಗ್ ಹುಡುಗನಿಗೆ ಮಾಡಿದರು. ಹುಡುಗ ಬರುವ ಹೊತ್ತಿಗೆ 12 ಗಂಟೆ 50. ಅಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಗಾಡಿ ಸುಮ್ಮನೆ ನಿಂತಿತ್ತು. ಈ ಸಮಯದ ಮಾತಿಗೆ ಮತ್ತೆ ಬರುತ್ತೇನೆ.

ಹುಡುಗ ಸಣ್ಣ ಗೂಡ್ಸ್ ಗಾಡಿಯಲ್ಲಿ ಜನರೇಟರು, ವೆಲ್ಡಿಂಗ್ ಮಷಿನ್, ಗ್ರೈಂಡರ್ ಇಟ್ಟುಕೊಂಡು ಊರೂರು ತಿರುಗಿ ಕೆಲಸ ಮಾಡುತ್ತಾನೆ. ಕೈ ಸ್ವಚ್ಛ, ರಾಡ್ ಎಳೆಯುವುದು ನೇರ. ಗಾಡಿ ನಿಂತಲ್ಲೇ, ಕೂಳೆಯ ಮೇಲೆಯೇ ಕೆಲಸ ಶುರುವಾಯಿತು. ಬಿಸಿಲೆಂದು ಜನರೇಟರಿನ ಪೆಟ್ರೋಲ್ ಕ್ಯಾನನ್ನು ಕಟಾವು ಯಂತ್ರದ ಹೊಟ್ಟೆಯ ಕೆಳಗೆ ನೆರಳಿಗೆ ಇಟ್ಟ. ವೆಲ್ಡಿಂಗ್ ಕರೆಂಟು ಮಷಿನ್ನಿಗೆ ವಾಪಸ್ ಹೋಗುವ ಅರ್ಥಿಂಗ್ ಕ್ಲ್ಯಾಂಪನ್ನು ಕೈಗೆ ಸಿಕ್ಕ ಕಡೆ, ಅಂದರೆ ಮುಂದೆ ಪೈರು ಕೊಯ್ಯುವ ಕಟರ್ ಬಾರಿನ ಹತ್ತಿರ ಹಾಕಿದ. ಬ್ಯಾಟರಿ ಬಿಚ್ಚಲಿಲ್ಲ. ಬಿರುಕಿನ ಬಾಯನ್ನು ಗ್ರೈಂಡರಿನಿಂದ ತೆರೆದ. 1 ಗಂಟೆ 5 ನಿಮಿಷಕ್ಕೆ ಮೊದಲ ರಾಡ್. ಒಂದು ಕಡೆ ತಗಡು ತೂತು ಬಿದ್ದು ಕರಗಿದ ಕಬ್ಬಿಣದ ಹನಿ ಹಿಂದಕ್ಕೆ ಇಳಿಯಿತು, ಅದನ್ನೂ ತುಂಬಿದ. 1 ಗಂಟೆ 25ಕ್ಕೆ ಮುಗಿಯಿತು. ಬ್ರಾಕೆಟ್ ಮೇಲೆ ಒಂದು ಚೊಂಬು ನೀರು ಸುರಿದರು. ಕಬ್ಬಿಣ ಚುಸ್ ಎಂದಿತು, ಎಲ್ಲರಿಗೂ ಸಮಾಧಾನವಾಯಿತು.

ಆಪರೇಟರ್ ಇಂಜಿನ್ ಚಾಲೂ ಮಾಡಿ, ಚೈನ್ ತಿರುಗಿಸಿ, ಐದು ನಿಮಿಷ ನೋಡಿ ಬಂದ್ ಮಾಡಿದ. ಊಟಕ್ಕೆ ಹೊರಟರು. ಹೊರಡುವಾಗ ಹುಡುಗ ತನ್ನ ಪೆಟ್ರೋಲ್ ಕ್ಯಾನ್ ಎತ್ತಿಕೊಂಡ. ಆ ಕ್ಯಾನ್ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

1 ಗಂಟೆ 50ರ ಸುಮಾರಿಗೆ ರೈತನ ಮಗ, ಎಂಟನೇ ತರಗತಿ ಹುಡುಗ, ಹೇಳಿದನಂತೆ: "ಅಪ್ಪಾ, ಗಾಡ್ಯಾಗಿಂದ ಹೊಗಿ ಬರಾಕತ್ತೈತಿ." ದೊಡ್ಡವರು ತಿರುಗಿ ನೋಡಿದರು. "ಧೂಳು ಇರಬೇಕ್ ಬಿಡೋ, ಈಗ ವೆಲ್ಡಿಂಗ್ ಮಾಡ್ಯಾರ, ಬಿಸಿ ಇರ್ತೈತಿ" ಎಂದರು. ಎಂಟು ನಿಮಿಷದ ನಂತರ ಇಂಜಿನ್ ಅಟ್ಟದ ಸಂದಿನಿಂದ ನಾಲಿಗೆಯಂತೆ ಬೆಂಕಿ ಹೊರಬಂತು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಡೀಸಲ್ ಹೋಗುವ ರಬ್ಬರ್ ಪೈಪ್ ಸುಟ್ಟು ಕಿತ್ತುಬಂತು. ಟ್ಯಾಂಕು ಪೈಪಿಗಿಂತ ಎತ್ತರದಲ್ಲಿದೆ, ಇಂಜಿನ್ ಬಂದ್ ಇದ್ದರೂ ಡೀಸಲ್ ತಾನಾಗಿಯೇ ಇಳಿಯುತ್ತದೆ. ಟ್ಯಾಂಕಿನ ಕಾಕ್ ತಿರುಗಿಸಬೇಕೆಂದರೆ ಅದು ಬೆಂಕಿಯ ಪಕ್ಕದಲ್ಲೇ. ಬೆಂಕಿ ನಂದಿಸುವ ಸಿಲಿಂಡರ್ ಇತ್ತು, ಕ್ಯಾಬಿನ್ ಒಳಗೆ, ಅಲುಗಾಡದಿರಲೆಂದು ಬೈಂಡಿಂಗ್ ವೈರಿನಿಂದ ನಾಲ್ಕು ಸುತ್ತು ಬಿಗಿದಿತ್ತು. ಆಪರೇಟರ್ ಕಾದ ಏಣಿಯ ಸರಳು ಹಿಡಿದು ಹತ್ತಿದ, ಅಂಗೈ ಸುಟ್ಟದ್ದು ಅಲ್ಲೇ. ಹತ್ತಿ, ಸುಟ್ಟ ಕೈಯಿಂದಲೇ ವೈರ್ ಬಿಚ್ಚಿ, ಪಿನ್ ಎಳೆದು ಒತ್ತಿದ. ಪುಸ್ ಎಂದು ಒಂದು ಹಿಡಿ ಪುಡಿ ಬಿತ್ತು. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಯಾವತ್ತೋ ಕೆಂಪಿಗೆ ಬಂದಿತ್ತು.

101ಕ್ಕೆ ಕರೆ ಹೋದದ್ದು 2 ಗಂಟೆ 4 ನಿಮಿಷಕ್ಕೆ. ಎಷ್ಟನೇ ಉಪಕಾಲುವೆ, ಯಾವ ದಾರಿ ಎಂದು ಕೇಳಿದರೆ ಹೇಳಲಿಕ್ಕೆ ಬಾಯಿ ಬರಲಿಲ್ಲ, ಗಾಬರಿ. ಅಗ್ನಿಶಾಮಕ ವಾಹನ 2 ಗಂಟೆ 40ಕ್ಕೆ ತಲುಪಿತು. ಕಾಲುವೆ ದಂಡೆಯ ಆ ದಾರಿಗೆ ಅದು ಕಡಿಮೆ ಸಮಯವೇ. ಅಷ್ಟರೊಳಗೆ ಭತ್ತ ಉಳಿಸಿದವನು ಪಕ್ಕದ ಗದ್ದೆಯ ಒಬ್ಬ ರೈತ. ಯಾರನ್ನೂ ಕೇಳದೆ ಟ್ರ್ಯಾಕ್ಟರಿಗೆ ಮಣ್ಣು ಪುಡಿಮಾಡುವ ರೋಟವೇಟರ್ ಸಿಕ್ಕಿಸಿಕೊಂಡು ಬಂದು ಕೂಳೆಗೂ ನಿಂತ ಪೈರಿಗೂ ನಡುವೆ ಎರಡು ಸಾಲು ಹೊಡೆದ. ಕಪ್ಪು ಮಣ್ಣು ಮೇಲೆ ಬಂತು, ಬೆಂಕಿ ಅಲ್ಲಿಗೆ ಬಂದು ನಿಂತಿತು. ಆ ದಿನ ಸರಿಯಾದ ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡಿದವನು ಅವನೊಬ್ಬ.

ತಗಡಿನ ಹಿಂದೆ ಏನಿತ್ತು

ಸುಟ್ಟ ಗಾಡಿಯಲ್ಲಿ ಮೊದಲು ಎಲ್ಲಿ ಹೊತ್ತಿತು ಎನ್ನುವುದನ್ನು ತಗಡೇ ಹೇಳುತ್ತದೆ. ಬೆಂಕಿ ತುಂಬ ಹೊತ್ತು ಇದ್ದ ಕಡೆ ಬಣ್ಣ ಸುಟ್ಟು ತಗಡು ಬೂದು ಬಿಳಿಯಾಗಿ ಸೊಟ್ಟಗಾಗಿರುತ್ತದೆ. ಕೊನೆಗೆ ತಾಗಿದ ಕಡೆ ಬಣ್ಣ ಗುಳ್ಳೆ ಎದ್ದಿರುತ್ತದೆ. ಇಲ್ಲಿ ಬಿಳಿಯಾಗಿದ್ದದ್ದು ಬ್ರಾಕೆಟ್ಟಿನ ನೇರ ಹಿಂದೆ, ಅಲ್ಲಿಂದ ಮೇಲಕ್ಕೆ ಒಂದು ನಾಲಿಗೆಯ ಆಕಾರ.

ಮಾಲೀಕರ ಹತ್ತಿರ ಇದೇ ಮಾದರಿಯ ಇನ್ನೊಂದು ಗಾಡಿ ಇದೆ. ಅದೇ ಜಾಗದ ತಗಡು ಬಿಚ್ಚಿಸಿದೆ. ಹನ್ನೊಂದು ಬೋಲ್ಟು, ಮೂರು ತುಕ್ಕು ಹಿಡಿದಿದ್ದವು. ತಗಡು ಕೆಳಗಿಳಿದಾಗ ಒಳಗಿದ್ದದ್ದು ನಾಲ್ಕು ಬೆರಳು ದಪ್ಪದ ಕಪ್ಪು ಪದರ. ಭತ್ತದ ಧೂಳು, ಜೊಳ್ಳು, ಹುಲ್ಲಿನ ಚೂರು, ಅದಕ್ಕೆ ಎಣ್ಣೆ ಹೀರಿ ಗಟ್ಟಿಯಾಗಿ ಕೂತಿತ್ತು. ಸೌಟಿನಿಂದ ಎಬ್ಬಿಸಿದರೆ ಹೆಂಚಿಗೆ ಹತ್ತಿದ ರೊಟ್ಟಿಯಂತೆ ಪದರ ಪದರವಾಗಿ ಎದ್ದುಬಂತು. ಮೇಲಿನ ಪದರ ಒಣ ಧೂಳು, ನಡುವಿನದು ಹುಲ್ಲು, ತಳದಲ್ಲಿ ಎಣ್ಣೆ ಜಿಡ್ಡು. ಒಂದೇ ಸುಗ್ಗಿಯದ್ದಲ್ಲ, ಎರಡು ಮೂರು ಸುಗ್ಗಿಯದ್ದು.

ಅದರಲ್ಲಿ ಒಂದು ತುಂಡನ್ನು ಶೆಡ್ಡಿಗೆ ತಂದು, ಬಯಲಿನಲ್ಲಿ ಕಬ್ಬಿಣದ ತಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ನೀರಿಟ್ಟುಕೊಂಡು, ವೆಲ್ಡಿಂಗ್ ರಾಡಿನ ಒಂದೇ ಒಂದು ಹನಿ ಬೀಳಿಸಿದೆ. ವೆಲ್ಡಿಂಗ್ ಹುಡುಗನನ್ನೂ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಹನಿ ಬಿದ್ದ ಕಡೆ ಕೆಂಪಗೆ ಒಂದು ಚುಕ್ಕೆ ಕಂಡು ಮಾಯವಾಯಿತು. ಕಪ್ಪು ಮೇಲ್ಮೈ ಹಾಗೆಯೇ ಇತ್ತು. ಕಣ್ಣಿಗೆ ನಂದಿದಂತೆಯೇ. ಐದು ನಿಮಿಷ ಏನೂ ಇಲ್ಲ. ಆಮೇಲೆ ಊದುಬತ್ತಿಯದ್ದಕ್ಕಿಂತ ತೆಳುವಾದ ಒಂದು ಎಳೆ ಹೊಗೆ. ಹದಿನಾಲ್ಕನೇ ನಿಮಿಷಕ್ಕೆ ತುಂಡನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ನಿಂಬೆಹಣ್ಣಿನಷ್ಟು ಜಾಗ ಕೆಂಡ. ಮೊರದಿಂದ ನಾಲ್ಕು ಸಲ ಗಾಳಿ ಹಾಕಿದೆ, ಭಗ್ ಎಂದು ಹೊತ್ತಿಕೊಂಡಿತು. ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣಾ, ನಾ ಅಲ್ಲಿಂದ ಹೋಗೂದ್ರಾಗ ಅದು ಒಳಗ ಹತ್ತೇ ಇತ್ತು ಅಂದಂಗಾತು" ಎಂದ.

ಬೂದಿ ಮುಚ್ಚಿದ ಕೆಂಡ ಎಂದು ನಾವು ಮಾತಿಗೆ ಹೇಳುತ್ತೇವೆ. ತಗಡಿನ ಹಿಂದಿನ ಹೊಟ್ಟಿನಲ್ಲಿ ನಡೆಯುವುದು ಅಕ್ಷರಶಃ ಅದು. ಬಿಗಿಯಾಗಿ ಕೂತ ಹೊಟ್ಟಿಗೆ ಗಾಳಿ ಕಡಿಮೆ, ಅದಕ್ಕೇ ಜ್ವಾಲೆ ಏಳುವುದಿಲ್ಲ. ಆದರೆ ಒಳಗೊಳಗೇ ಕನಲುತ್ತ ಹರಡುತ್ತದೆ. ಯಾವುದೋ ಒಂದು ಸಂದಿನಲ್ಲಿ ಗಾಳಿ ಸಿಕ್ಕ ಕೂಡಲೇ ಬೆಂಕಿಯಾಗುತ್ತದೆ. ಈ ಪ್ರಕರಣದಲ್ಲಿ ಆ ಗಾಳಿಯನ್ನು ಕೊಟ್ಟದ್ದು ನಾವೇ. ಪರೀಕ್ಷೆಗೆಂದು ಐದು ನಿಮಿಷ ಇಂಜಿನ್ ಓಡಿಸಿದಾಗ ರೇಡಿಯೇಟರ್ ಫ್ಯಾನು ಆ ಪೊಳ್ಳಿನೊಳಗೆ ಗಾಳಿ ತಳ್ಳಿತು. ಇಂಜಿನ್ ಬಂದ್ ಮಾಡಿದ ಮೇಲೆ ಇನ್ನೊಂದು ತೊಂದರೆ: ಫ್ಯಾನೂ ನಿಂತಿತು, ನೀರಿನ ಓಡಾಟವೂ ನಿಂತಿತು, ಇಂಜಿನ್ನಿನ ಕಾವೆಲ್ಲ ಅಟ್ಟದ ಕೆಳಗೆ ಹಾಗೇ ಕೂತಿತು. ಇಂಜಿನ್ ನಿಲ್ಲಿಸಿದ ಕೂಡಲೇ ಸುತ್ತಲಿನ ಜಾಗ ತಣ್ಣಗಾಗುತ್ತದೆ ಎನ್ನುವುದು ತಪ್ಪು, ಮೊದಲ ಕೆಲವು ನಿಮಿಷ ಅದು ಇನ್ನೂ ಕಾಯುತ್ತದೆ.

ಬ್ರಾಕೆಟ್ ಮೇಲೆ ಸುರಿದ ಚೊಂಬು ನೀರು? ಅದು ತಗಡಿನ ಹೊರಮೈಯಲ್ಲಿ ಹರಿದು ನೆಲಕ್ಕೆ ಹೋಯಿತು. ಕೆಂಡ ಇದ್ದದ್ದು ಒಳಮೈಯಲ್ಲಿ.

ಎಣ್ಣೆ ಎಲ್ಲಿಂದ ಬಂತು

ಈ ಭಾಗ ಬರೆಯುವುದು ಕಷ್ಟ, ಆದರೆ ಬರೆಯದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಹತ್ತು ದಿನ ಮೊದಲು ಗಾಡಿ ನನ್ನ ಶೆಡ್ಡಿಗೆ ಬಂದದ್ದು ಹೈಡ್ರಾಲಿಕ್ ಎಣ್ಣೆ ಸೋರುತ್ತದೆ ಎಂದು. ವಾಪಸ್ ಲೈನಿನ ರಬ್ಬರ್ ಪೈಪ್ ಬದಲಿಸಿದೆ, ಸೋರಿಕೆ ನಿಂತಿತು. ಅದುವರೆಗೆ ಸೋರಿದ ಎಣ್ಣೆ ತಗಡಿನ ಹಿಂದೆ ಇಳಿದಿರುತ್ತದೆ ಎಂದು ನನಗೆ ಗೊತ್ತಿತ್ತು. "ತಗಡು ಬಿಚ್ಚಿ ತೊಳೀಬೇಕ್ರಿ, ಒಂದ್ ಮಧ್ಯಾಹ್ನ ಬಿಡ್ರಿ" ಎಂದೆ. "ಮೇಸ್ತ್ರಿ, ಗದ್ದಿ ಮ್ಯಾಲೆ ಜನ ಕಾಯಾಕತ್ಯಾರ, ಸುಗ್ಗಿ ಮುಗೀಲಿ" ಎಂದರು ಮಾಲೀಕರು. ನಾನು ಹೂಂ ಎಂದೆ. ಸೋರಿಕೆ ನಿಲ್ಲಿಸಿದವನು ಸೋರಿದ್ದನ್ನು ತೊಳೆಯದೆ ಕಳಿಸಿದೆ. ಸೋರಿಕೆ ರಿಪೇರಿ ಎಂದರೆ ಪೈಪ್ ಬದಲಿಸುವುದಷ್ಟೇ ಅಲ್ಲ, ಎಣ್ಣೆ ಹೀರಿದ ಹೊಟ್ಟನ್ನು ತೆಗೆಯುವುದೂ ಅದರೊಳಗೇ ಬರುತ್ತದೆ. ಈಗ ಹಾಗೆಯೇ ಮಾಡುತ್ತೇನೆ. ಬಿಡುವುದಿಲ್ಲ ಎಂದವರ ಗಾಡಿಗೆ ಪೈಪನ್ನೂ ಹಾಕುವುದಿಲ್ಲ.

ತಪ್ಪಿದ್ದು ಎಲ್ಲಿ

ಕಿಡಿ ಬೀಳದಂತೆ ವೆಲ್ಡಿಂಗ್ ಮಾಡಲಿಕ್ಕೆ ಬರುವುದಿಲ್ಲ. ಗ್ರೈಂಡರಿನ ಕಿಡಿ, ವೆಲ್ಡಿಂಗ್ ಹನಿ ಹತ್ತು ಹನ್ನೊಂದು ಮೀಟರಿನವರೆಗೂ ಹಾರುತ್ತವೆ, ಉರುಳುತ್ತವೆ. ಹಾಗಾಗಿ ಕಿಡಿಯನ್ನು ದೂರಿ ಪ್ರಯೋಜನವಿಲ್ಲ. ನನ್ನ ತೀರ್ಮಾನ ಬೇರೆ. ರಿಪೇರಿ ಎಂದರೆ ರಾಡ್ ಹಚ್ಚಿದ ಕ್ಷಣದಿಂದ ರಾಡ್ ಇಳಿಸಿದ ಕ್ಷಣದವರೆಗೆ ಎಂದು ನಾವೆಲ್ಲ ಎಣಿಸಿಕೊಂಡಿದ್ದೇವೆ. ದುಡ್ಡು ಕೊಡುವುದೂ ಅಷ್ಟಕ್ಕೇ. ಅದರ ಹಿಂದಿನ ಸ್ವಚ್ಛತೆಗೂ ಮುಂದಿನ ಕಾವಲಿಗೂ ಯಾರೂ ದುಡ್ಡು ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ಬೆಂಕಿ ಬಿದ್ದದ್ದು ಆ ಎರಡೂ ಇಲ್ಲದ್ದರಿಂದ.

ಇನ್ನು ಆ ಒಂದು ಗಂಟೆ ಹತ್ತು ನಿಮಿಷದ ಮಾತು. ವೆಲ್ಡಿಂಗ್ ಹುಡುಗ ಬರುವವರೆಗೆ ಗಾಡಿ ನಿಂತೇ ಇತ್ತು, ಆಪರೇಟರ್ ಮತ್ತು ಅವನ ಸಹಾಯಕ ನೆರಳಲ್ಲಿ ಕೂತಿದ್ದರು. ಹನ್ನೊಂದು ಬೋಲ್ಟು ಬಿಚ್ಚಿ, ಹೊಟ್ಟು ಕೆರೆದು, ನೀರು ಹಾಕಲಿಕ್ಕೆ ನಲವತ್ತು ನಿಮಿಷ ಸಾಕು. ಎರಡನೇ ಗಾಡಿಯಲ್ಲಿ ನಾನೇ ಮಾಡಿ ನೋಡಿದ್ದೇನೆ. ಸಮಯ ಇಲ್ಲ ಎನ್ನುವುದು ನಿಜವಲ್ಲ. ಇದ್ದ ಸಮಯವನ್ನು ರಿಪೇರಿಯ ಭಾಗ ಎಂದು ಯಾರೂ ನೋಡಲಿಲ್ಲ. ಆಪರೇಟರ್‌ಗೆ ಹೇಳಿದವರೂ ಇಲ್ಲ.

ಅರ್ಥಿಂಗ್ ಕ್ಲ್ಯಾಂಪ್ ದೂರ ಹಾಕಿದ್ದು ಬೆಂಕಿಗೆ ಕಾರಣವಲ್ಲ, ಆದರೂ ಹೇಳಬೇಕು. ವೆಲ್ಡಿಂಗ್ ಕರೆಂಟು ರಾಡಿನಿಂದ ಕ್ಲ್ಯಾಂಪಿಗೆ ಹೋಗುವಾಗ ನಡುವೆ ಸಿಕ್ಕ ಬೇರಿಂಗು, ಚೈನು, ವೈರು ಎಲ್ಲದರ ಮೂಲಕ ಹೋಗುತ್ತದೆ. ಬೇರಿಂಗಿನ ಗುಂಡಿನ ಮೇಲೆ ಸಣ್ಣ ಗುಳಿ ಬೀಳುತ್ತದೆ. ಅಂಥ ಬೇರಿಂಗು ಮುಂದಿನ ಸುಗ್ಗಿಯಲ್ಲಿ ಹೊಟ್ಟಿನ ನಡುವೆ ಕೆಂಪಗೆ ಕಾಯುತ್ತದೆ. ಕ್ಲ್ಯಾಂಪ್ ಯಾವಾಗಲೂ ವೆಲ್ಡಿಂಗ್ ಮಾಡುವ ತುಂಡಿನ ಮೇಲೆಯೇ, ಬಣ್ಣ ಕೆರೆದು, ಒಂದು ಗೇಣು ಅಂತರದಲ್ಲಿ ಇರಬೇಕು.

ಬ್ಯಾಟರಿ ಬಿಚ್ಚದಿದ್ದದ್ದು ಮಾತ್ರ ಬೆಂಕಿಯನ್ನು ಹೆಚ್ಚಿಸಿತು. ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿದ ಮೇಲೆ ಬರಿ ತಾಮ್ರ ತಗಡಿಗೆ ತಾಗಿ ಕಿಡಿ ಚಿಮ್ಮುತ್ತಲೇ ಇತ್ತು. ಅಗ್ನಿಶಾಮಕದವರು ಬಂದ ಮೇಲೆ ಅವರು ಕತ್ತರಿಸಿದ ಮೊದಲ ವಸ್ತು ಬ್ಯಾಟರಿಯ ಕೇಬಲ್. ಬಿಚ್ಚುವಾಗ ಮೊದಲು ಮೈನಸ್. ಆಗ ಸ್ಪ್ಯಾನರ್ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ತಗುಲಿದರೂ ಕಿಡಿ ಹಾರುವುದಿಲ್ಲ. ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ನೂರಕ್ಕೆ 4 ಪಾಲು ಇದ್ದರೆ ಸಾಕು, ಕಿಡಿ ತಗುಲಿದರೆ ಸಿಡಿಯುತ್ತದೆ.

ಡೀಸಲ್ ಬಗ್ಗೆ ನಮ್ಮವರಲ್ಲಿ ಒಂದು ಧೈರ್ಯ ಇದೆ: "ಅದೇನ್ ಪೆಟ್ರೋಲಾ, ಬೆಂಕಿ ಕಡ್ಡಿ ಹಾಕಿದ್ರೂ ಹತ್ತಂಗಿಲ್ಲ." ನಮ್ಮ ದೇಶದ ಮಾನದಂಡದ ಪ್ರಕಾರ ಡೀಸಲ್ಲಿನ ಮಿಂಚು ಬಿಂದು, ಅಂದರೆ ಅದರ ಆವಿಗೆ ಕಿಡಿ ತಾಗಿದರೆ ಹೊತ್ತುವ ಉಷ್ಣತೆ, ಕನಿಷ್ಠ 35 ಡಿಗ್ರಿ ಇದ್ದರಾಯಿತು. ಏಪ್ರಿಲ್‌ನಲ್ಲಿ ನಮ್ಮ ಗದ್ದೆಯ ಗಾಳಿಯೇ 41. ಬಿಸಿಲಿಗೆ ನಿಂತ ಟ್ಯಾಂಕಿನ ಒಳಗೆ ಇನ್ನೂ ಹೆಚ್ಚು. ಚಳಿಗಾಲದ ಧೈರ್ಯ ಬೇಸಿಗೆಗೆ ನಡೆಯುವುದಿಲ್ಲ. ಜೋರಾಗಿ ದುಡಿದ ಇಂಜಿನ್ನಿನ ಟರ್ಬೋ, ಸೈಲೆನ್ಸರ್ ಬುಡ 500 ಡಿಗ್ರಿ ದಾಟಿರುತ್ತದೆ, ಅದರ ಮೇಲೆ ಡೀಸಲ್ ಚಿಮ್ಮಿದರೆ ಕಿಡಿಯೇ ಬೇಕಿಲ್ಲ. ಖಾಲಿ ಟ್ಯಾಂಕ್ ತಂದು "ಏನೂ ಇಲ್ರೀ ಒಳಗ, ಒಂದ್ ಟಾಕಿ ಹಾಕ್ರಿ" ಎನ್ನುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ, ಏಕೆಂದರೆ ಒಳಗೆಲ್ಲ ಆವಿ ಮತ್ತು ಗಾಳಿ. ನಾನು ಟ್ಯಾಂಕಿಗೂ ಬ್ಯಾರಲ್ಲಿಗೂ ರಾಡ್ ಮುಟ್ಟಿಸುವುದಿಲ್ಲ. ಹೊಸದು ಹಾಕಿಸಿ ಎಂದು ಕಳಿಸುತ್ತೇನೆ.

ಆ ನಂತರ ಬದಲಾದದ್ದು

ಮಾಲೀಕರದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ, ಸ್ವಂತ ಗಾಡಿಯ ಹಾನಿಗೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ಆ ಸುಗ್ಗಿ ಅವರು ಎರಡನೇ ಗಾಡಿಯೊಂದರಲ್ಲೇ ಕಳೆದರು. ಸಿಟ್ಟು ಇಳಿದ ಮೇಲೆ ನಾವು ನಾಲ್ವರೂ, ಅಂದರೆ ಅವರು, ಆಪರೇಟರ್, ವೆಲ್ಡಿಂಗ್ ಹುಡುಗ, ನಾನು, ಒಂದು ದಿನ ಶೆಡ್ಡಿನಲ್ಲಿ ಕೂತು ಗದ್ದೆಯಲ್ಲಿ ಬೆಂಕಿ ಕೆಲಸ, ಅಂದರೆ ವೆಲ್ಡಿಂಗ್, ಗ್ರೈಂಡಿಂಗ್, ಹೇಗೆ ಮಾಡಬೇಕು ಎಂದು ಮಾತಾಡಿಕೊಂಡೆವು. ಆಪರೇಟರ್‌ನ ಕೈಗೆ ಇನ್ನೂ ಪಟ್ಟಿ ಕಟ್ಟಿತ್ತು.

ಮೊದಲನೆಯದು ಜಾಗ. ಗಾಡಿ ಚಕ್ರದ ಮೇಲೆ ಚಲಿಸುವಂತಿದ್ದರೆ ಕೂಳೆಯಿಂದ ಹೊರಗೆ, ಹೊಲದ ದಾರಿಗೋ ಬರಿ ಮಣ್ಣಿಗೋ ತರಬೇಕು. ಚಲಿಸದಿದ್ದರೆ ಸುತ್ತ ರೋಟವೇಟರ್ ಹೊಡೆಸಬೇಕು ಇಲ್ಲವೇ ಸುತ್ತಲೂ ಹತ್ತು ಹೆಜ್ಜೆಯವರೆಗೆ ನೀರು ಹಾಕಬೇಕು. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಸಿಗದ ಗದ್ದೆ ಇಲ್ಲ. ಆ ದಿನ ಪಕ್ಕದ ಗದ್ದೆಯ ರೈತ ಬೆಂಕಿ ಬಿದ್ದ ಮೇಲೆ ಹೊಡೆದ ಸಾಲನ್ನು ರಾಡ್ ಹಚ್ಚುವ ಮೊದಲೇ ಹೊಡೆದರಾಯಿತು.

ಎರಡನೆಯದು ಹಿಂಭಾಗ. ವೆಲ್ಡಿಂಗ್ ಆಗುವ ತಗಡಿನ ಹಿಂದೆ ಏನಿದೆ ಎಂದು ಕಣ್ಣಾರೆ ನೋಡದೆ ಹುಡುಗ ಈಗ ಜನರೇಟರ್ ಚಾಲೂ ಮಾಡುವುದಿಲ್ಲ. ಬೋಲ್ಟ್ ಬಿಚ್ಚುವುದು ಆಪರೇಟರ್ ಕೆಲಸ, ಹುಡುಗ ದಾರಿಯಲ್ಲಿರುವಾಗಲೇ ಮುಗಿಯಬೇಕು. ಹೊಟ್ಟನ್ನು ಮೊದಲು ಕೆರೆದು ತೆಗೆಯುವುದು, ಆಮೇಲೆ ಗಾಳಿ ಹೊಡೆಯುವುದು. ಬರೀ ಗಾಳಿ ಹೊಡೆದರೆ ಧೂಳು ಎದ್ದು ಬಿಸಿ ಸೈಲೆನ್ಸರ್ ಮೇಲೆ ಕೂರುತ್ತದೆ, ಅದಕ್ಕೇ ಇಂಜಿನ್ ಆರಿದ ಮೇಲೆಯೇ ಗಾಳಿ. ಜಿಡ್ಡನ್ನು ಪೆಟ್ರೋಲ್ ಹಾಕಿ ತೊಳೆಯುವ ಚಟ ನಮ್ಮ ಕಸುಬಿನವರಲ್ಲಿ ಬಹಳ ಇದೆ. ನನ್ನ ಶೆಡ್ಡಿನಲ್ಲಿ ಸೋಪಿನ ನೀರು ಮಾತ್ರ.

ಮೂರನೆಯದು ನೀರು, ಮತ್ತು ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ವೆಲ್ಡಿಂಗ್ ಹುಡುಗನೇ ಹೇಳಿದ್ದು. "ಬೆನ್ನಿಗೆ ಹಾಕೋ ಎಣ್ಣಿ ಹೊಡಿಯೋ ಪಂಪ್ ಎಲ್ಲಾರ ಮನ್ಯಾಗೂ ಐತಲ್ಲಣ್ಣ, ಅದ್ರಾಗ ಬರೇ ನೀರು ತುಂಬಿ ಇಟ್ಕೊಂಡ್ರ?" ಎಂದ. ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೆ 16 ಲೀಟರ್ ಹಿಡಿಯುತ್ತದೆ, ಸಂದಿಯೊಳಗೆ ನಳಿಕೆ ಹೋಗುತ್ತದೆ, ನೀರು ಸಣ್ಣ ಹನಿಯಾಗಿ ಹೊಟ್ಟಿನೊಳಗೆ ಇಳಿಯುತ್ತದೆ. ಚೊಂಬಿನ ನೀರು ಹೋಗದ ಕಡೆಗೆ ಅದು ಹೋಗುತ್ತದೆ. ಈಗ ಅವನ ಗೂಡ್ಸ್ ಗಾಡಿಯಲ್ಲಿ ಅಂಥದ್ದೊಂದು ಹೊಸ ಪಂಪ್ ಇದೆ, ಕಳೆನಾಶಕ ಕಾಣದ್ದು, ಮೇಲೆ ಕೆಂಪು ಬಣ್ಣ ಬಳಿದಿದ್ದಾನೆ. ಹೊಟ್ಟು, ಹುಲ್ಲು, ಕೂಳೆಗೆ ಅದು. ಡೀಸಲ್, ಎಣ್ಣೆ ಹೊತ್ತಿದರೆ ನೀರು ಸುರಿಯಬಾರದು, ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ. ಅದಕ್ಕೆ ಪುಡಿಯ ಸಿಲಿಂಡರ್, ಇಲ್ಲದಿದ್ದರೆ ಒಣ ಮಣ್ಣು. ತೆಗೆಯಲಾಗದ ರಬ್ಬರ್ ಪೈಪುಗಳ ಮೇಲೆ ಒದ್ದೆ ಗೋಣಿ ಚೀಲ ಮುಚ್ಚುತ್ತೇವೆ. ವೆಲ್ಡಿಂಗ್ ಮಾಡುವವನು ಆ ಒದ್ದೆ ಚೀಲಕ್ಕೆ ಮೊಣಕಾಲೂರಬಾರದು, ಕರೆಂಟ್ ಹೊಡೆಯುತ್ತದೆ.

ಸಿಲಿಂಡರ್ ವಿಷಯ. ಈಗ ಗಾಡಿಗೆ ಎರಡು, ತಲಾ 6 ಕೆ.ಜಿ.ಯ ಎಬಿಸಿ ಪುಡಿಯವು (ಹುಲ್ಲು-ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವಂಥವು), ಐಎಸ್‌ಐ ಗುರುತಿನವು. ಒಂದು ಕ್ಯಾಬಿನ್ ಬಾಗಿಲ ಬಳಿ, ಇನ್ನೊಂದು ನೆಲದ ಮೇಲೆ ನಿಂತವನ ಕೈಗೆ ಸಿಗುವಂತೆ ಹಿಂದಿನ ಚಕ್ರದ ಹತ್ತಿರ. ಬೈಂಡಿಂಗ್ ವೈರ್ ಇಲ್ಲ, ಒಂದೇ ಎಳೆತಕ್ಕೆ ಬಿಚ್ಚುವ ಪಟ್ಟಿ. ಗಾಡಿಯ ಅಲುಗಾಟಕ್ಕೆ ಒಳಗಿನ ಪುಡಿ ಗಟ್ಟಿಯಾಗುತ್ತದೆ, ಅದಕ್ಕೇ ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸುವುದು, ಮುಳ್ಳು ಹಸಿರಿನಲ್ಲಿದೆಯೇ ನೋಡುವುದು. ಆಪರೇಟರ್‌ಗೆ ಹಳೆಯ ಸಿಲಿಂಡರ್ ಒಂದನ್ನು ಖಾಲಿ ಮಾಡಲಿಕ್ಕೆ ಕೊಟ್ಟೆವು. ಇಪ್ಪತ್ತು ಸೆಕೆಂಡ್ ಒಳಗೆ ಮುಗಿದೇ ಹೋಯಿತು. ಅವನು ಕೈಯಲ್ಲಿದ್ದ ಖಾಲಿ ಸಿಲಿಂಡರನ್ನೇ ನೋಡುತ್ತ, "ಇವ್ಳೋ ತಾನಾ ಅಣ್ಣಾ, ಇಷ್ಟೇನಾ?" ಎಂದ. ಇಷ್ಟೇ. ಅದಕ್ಕೇ ಗಾಳಿ ಬೆನ್ನಿಗಿರುವಂತೆ ನಿಂತು, ಜ್ವಾಲೆಗೆ ಅಲ್ಲ ಬುಡಕ್ಕೆ ಹೊಡೆಯಬೇಕು. ಬೆಂಕಿ ಒಳಗಿದ್ದರೆ ಬಾಗಿಲನ್ನು ಪೂರ್ತಿ ತೆರೆಯಬಾರದು, ಗಾಳಿ ನುಗ್ಗಿ ಮುಖಕ್ಕೇ ಬರುತ್ತದೆ. ಸಂದಿಯಿಂದಲೇ ಹೊಡೆಯಬೇಕು. ಎರಡನೇ ಸಿಲಿಂಡರ್ ಮುಗಿದರೂ ನಂದದಿದ್ದರೆ ಗಾಡಿಯನ್ನು ಬಿಟ್ಟು ದೂರ ಬರುವುದು. ಇದನ್ನು ಮಾಲೀಕರೇ ಆಪರೇಟರ್ ಎದುರಿಗೆ ಹೇಳಿದರು: "ಗಾಡಿ ಹೋದ್ರ ಹೋಗ್ಲೆಪಾ, ಮತ್ತ ಏಣಿ ಹತ್ತಬ್ಯಾಡ."

ಕೊನೆಯದು ಕಾವಲು. ರಾಡ್ ಇಳಿಸಿದ ಮೇಲೆ ಅರ್ಧ ಗಂಟೆ ಒಬ್ಬನು ಪಂಪ್ ಬೆನ್ನಿಗೆ ಹಾಕಿಕೊಂಡು ತಗಡಿನ ಹಿಂಭಾಗ ನೋಡುತ್ತ ಕೂರಬೇಕು. ವೆಲ್ಡಿಂಗ್ ನಡೆಯುವಾಗಲೂ ಅವನ ಕಣ್ಣು ಹಿಂಭಾಗದ ಮೇಲೆಯೇ, ಏಕೆಂದರೆ ಮುಖವಾಡ ಹಾಕಿದವನಿಗೆ ರಾಡಿನ ತುದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಅಂಗೈ ಹಿಂಬದಿಯನ್ನು ತಗಡಿನ ಹತ್ತಿರ ಹಿಡಿದು ಕಾವು ನೋಡುವುದು, ವಾಸನೆ ನೋಡುವುದು, ಆಮೇಲೆ ಇಂಜಿನ್. ಗಂಟೆಯಾದ ಮೇಲೆ ಇನ್ನೊಮ್ಮೆ ನಿಲ್ಲಿಸಿ ನೋಡುವುದು. ಊಟಕ್ಕೆ ಸರದಿಯ ಮೇಲೆ ಹೋಗುವುದು.

ಈ ಅರ್ಧ ಗಂಟೆಗೆ ದುಡ್ಡು ಯಾರು ಕೊಡಬೇಕು ಎಂದು ಆ ದಿನ ಬಹಳ ಹೊತ್ತು ಚೌಕಾಶಿ ಆಯಿತು. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಅರ್ಧ ಗಂಟೆ ಎಂದರೆ ಮಾಲೀಕರಿಗೆ ಸಣ್ಣ ಮೊತ್ತವಲ್ಲ. ಹುಡುಗನಿಗೂ ಅಷ್ಟು ಹೊತ್ತಿಗೆ ಇನ್ನೊಂದು ಕರೆ ಬಂದಿರುತ್ತದೆ. ಕೊನೆಗೆ ಬಿಲ್ಲಿನಲ್ಲಿ ಒಂದು ಸಾಲು ಸೇರಿತು. ಅವನ ಬಿಲ್ ಪುಸ್ತಕ ನಾನು ನೋಡಿದ್ದೇನೆ: "ಬ್ರಾಕೆಟ್ ವೆಲ್ಡಿಂಗ್ 800, ಕಾವಲು 150." ಬೇರೆ ಮಾಲೀಕರು ಮೊದಮೊದಲು ಆ 150 ನೋಡಿ ತಕರಾರು ತೆಗೆದರು. ಹುಡುಗ ಸುಟ್ಟ ಗಾಡಿಯ ಫೋಟೋ ತೋರಿಸುತ್ತಾನೆ. ಕೆಲವರು ಕೊಡುತ್ತಾರೆ, ಕೆಲವರು ಬೇರೆಯವರನ್ನು ಕರೆಯುತ್ತಾರೆ. ಅವನು ದರ ಇಳಿಸಿಲ್ಲ.

ಎರಡನೇ ಗಾಡಿಯ ಆ ತಗಡನ್ನು ನಾನು ಹನ್ನೊಂದು ಬೋಲ್ಟಿನಿಂದ ಬಿಡಿಸಿ, ಮೇಲೆ ಎರಡು ಕೀಲು, ಕೆಳಗೆ ಎರಡು ಚಿಲಕ ಹಾಕಿ ಬಾಗಿಲು ಮಾಡಿಕೊಟ್ಟೆ. ಬೆಳಿಗ್ಗೆ ಗ್ರೀಸ್ ಹೊಡೆಯುವಾಗ ಆಪರೇಟರ್ ಅದನ್ನು ಎತ್ತಿ ಪೊರಕೆ ಆಡಿಸುತ್ತಾನೆ, ಮೂರು ನಿಮಿಷದ ಕೆಲಸ. ಬ್ಯಾಟರಿಗೆ ಕೈಗೆ ಸಿಗುವ ಕಟ್ ಆಫ್ ಸ್ವಿಚ್ ಕೂತಿದೆ. ಡೀಸಲ್ ಕಾಕ್ ಇಂಜಿನ್ ಪಕ್ಕದಿಂದ ಟ್ಯಾಂಕಿನ ಆಚೆ ಬದಿಗೆ ಹೋಗಿದೆ. ಉಪಕಾಲುವೆಯ ನಂಬರು, ಹತ್ತಿರದ ಕ್ಯಾಂಪಿನ ಹೆಸರನ್ನು ಪ್ರತಿ ಗದ್ದೆಗೆ ಹೋದ ಕೂಡಲೇ ಕ್ಯಾಬಿನ್ನಿನಲ್ಲಿ ಸೀಮೆಸುಣ್ಣದಿಂದ ಬರೆದುಕೊಳ್ಳುತ್ತಾರೆ, 101 ಅಥವಾ 112ಕ್ಕೆ ಕರೆ ಮಾಡಿದಾಗ ಓದಿ ಹೇಳಲಿಕ್ಕೆ.

ಚೈನ್ ಗಾಡಿಗಳ ವಿಷಯ ಇನ್ನೂ ಬಗೆಹರಿದಿಲ್ಲ. ಅವುಗಳಲ್ಲಿ ಇಂಜಿನ್ ಕೆಳಗಿನ ಹೊಟ್ಟು ಕೂರುವ ಜಾಗಕ್ಕೆ ಕೈಯೇ ಹೋಗುವುದಿಲ್ಲ, ತಗಡು ಚೌಕಟ್ಟಿಗೇ ಬೆಸೆದಿದೆ. ಮೊನ್ನೆ ಒಂದನ್ನು ಶೆಡ್ಡಿಗೆ ತರಿಸಿಕೊಂಡಿದ್ದೇನೆ. ಸುಗ್ಗಿಗೆ ಇನ್ನೂ ಏಳು ವಾರ ಇದೆ.